ಮಾಡಿನ ಮೇಲಿನ ಓಡಾಟ, ಮಾಡಿನೊಳಗಿನ ಬಾಣಂತನ

ರಾತ್ರಿ ಮಾಡಿನ ಮೇಲೆ ನಡೆಯುವ ಪ್ರಾಣಿ ತನ್ನ ಮೈತೂಕಕ್ಕಿಂತ ಯಾವಾಗಲೂ ಹೆಚ್ಚು ಸದ್ದು ಮಾಡುತ್ತದೆ. ಮೂರು ಕಿಲೋ ತೂಗುವ, ಪುನುಗುಬೆಕ್ಕಿನ ಜಾತಿಯ ಒಂದು ಕಬ್ಬೆಕ್ಕು ತಗಡಿನ ಮೇಲೆ ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಕೆಳಗೆ ಮಲಗಿದವರು ಕಳ್ಳ ಹತ್ತಿದ ಎಂದು ಎದ್ದು ಕೂರುತ್ತಾರೆ. ಫಾಲ್ಸ್ ಸೀಲಿಂಗಿನ ಮೇಲೆ ಇಲಿಯೊಂದು ಬೀಜ ಉರುಳಿಸಿದರೂ ಮನೆಯೆಲ್ಲ ಕೇಳಿಸುತ್ತದೆ. ತೆಳುವಾದ ಹೊದಿಕೆ, ಅದರ ಹಿಂದೆ ಟೊಳ್ಳು: ಮದ್ದಳೆ ಕಟ್ಟುವುದೂ ಹೀಗೆಯೇ ಅಲ್ಲವೆ? ಹಾಗಾಗಿ ಸದ್ದಿನ ಗಾತ್ರ ನೋಡಿ ಪ್ರಾಣಿಯ ಗಾತ್ರ ಲೆಕ್ಕ ಹಾಕಲು ಹೋದರೆ ದಾರಿ ತಪ್ಪುವುದೇ ಹೆಚ್ಚು.

ಸದ್ದಿನ ಗಾತ್ರಕ್ಕಿಂತ ಅದರ ನಡೆ ಮುಖ್ಯ. ಸರಸರ ಓಡಿ, ತಟ್ಟನೆ ನಿಂತು, ಮತ್ತೆ ಓಡುತ್ತ ನಡುನಡುವೆ ಕರಕರ ಕಡಿಯುತ್ತಿದ್ದರೆ ಅದು ಇಲಿ. ಮುಸ್ಸಂಜೆಗೆ ಸರಿಯಾಗಿ ಸೂರಿನಂಚಿನಲ್ಲಿ ಕಿಚಕಿಚ ಶುರುವಾಗಿ, ಕತ್ತಲಾಗುವಷ್ಟರಲ್ಲಿ ನಿಂತು, ಬೆಳಗಿನ ಜಾವ ಮತ್ತೆ ಕೇಳಿಸಿದರೆ ಬಾವಲಿ. ಧೊಪ್ಪೆಂದು ಒಂದು ಸದ್ದು, ಆಮೇಲೆ ಅವಸರವಿಲ್ಲದ ಹೆಜ್ಜೆ ಎಂದರೆ ಮರದಿಂದ ಮಾಡಿಗೆ ಜಿಗಿದ ದೊಡ್ಡ ಪ್ರಾಣಿ. ರಾತ್ರಿಯಿಡೀ ಒಂದೇ ಮೂಲೆಯಿಂದ ಯಾರೋ ಬುಸುಗುಟ್ಟುತ್ತ ಗೊರಕೆ ಹೊಡೆಯುವ ಹಾಗೆ ಕೇಳುತ್ತಿದ್ದರೆ ಅಲ್ಲಿ ಕಣಜ ಗೂಬೆಯ ಮರಿಗಳು ಊಟಕ್ಕೆ ಕಾಯುತ್ತಿರಬಹುದು. ದೆವ್ವದ ಮನೆ ಎಂದು ಹೆಸರು ಕೆಡಿಸಿಕೊಂಡ ಹಳೆಯ ಕಟ್ಟಡಗಳ ಪೈಕಿ ಎಷ್ಟರ ದೆವ್ವ ಈ ಗೂಬೆಮರಿಗಳೋ!

ಹಗಲಾದ ಮೇಲೆ ಏಣಿ ಹಾಕಿ ಹತ್ತಿ ನೋಡಿದರೆ ಅನುಮಾನ ಉಳಿಯುವುದಿಲ್ಲ. ಕಬ್ಬೆಕ್ಕು ಎಲ್ಲಿ ಬೇಕೆಂದರಲ್ಲಿ ಹೇಲುವ ಪ್ರಾಣಿಯಲ್ಲ. ಎತ್ತರದ, ಬಯಲಾದ, ಎದ್ದು ಕಾಣುವ ಜಾಗವನ್ನೇ ಆರಿಸಿಕೊಳ್ಳುತ್ತದೆ. ತಾರಸಿಯ ಕಟ್ಟೆಯ ಮೇಲೆ ಒಣಗಿದ ಅದರ ಲದ್ದಿಯನ್ನು ಕಡ್ಡಿಯಿಂದ ಬಿಡಿಸಿದರೆ ಹಣ್ಣಿನ ಬೀಜಗಳು ತೊಳೆದಿಟ್ಟಷ್ಟು ಇಡಿಯಾಗಿ ಸಿಗುತ್ತವೆ, ತಿರುಳು ಮಾತ್ರ ಕರಗಿರುತ್ತದೆ. ಇಲಿಯ ಹಿಕ್ಕೆ ಎರಡೂ ತುದಿ ಚೂಪಾಗಿ, ಒಣಗಿದಾಗ ಗಟ್ಟಿಯಾಗಿರುತ್ತದೆ. ಕೀಟ ತಿನ್ನುವ ಸಣ್ಣ ಬಾವಲಿಯ ಹಿಕ್ಕೆ ನೋಡಲು ಹೆಚ್ಚುಕಡಿಮೆ ಸುಂಡಿಲಿಯದೇ ಅನ್ನಿಸುತ್ತದೆ. ಆದರೆ ಕೈಗವಸು ಹಾಕಿ ಬೆರಳಲ್ಲಿ ಉಜ್ಜಿದರೆ ಪುಡಿಪುಡಿಯಾಗಿ ಉದುರುತ್ತದೆ, ಪುಡಿಯಲ್ಲಿ ಕೀಟದ ರೆಕ್ಕೆಚೂರುಗಳು ಮಿನುಗುತ್ತವೆ. ಗೂಬೆ ಇದ್ದಲ್ಲಿ ಕೂದಲು ಸುತ್ತಿದ ಕಪ್ಪು ಉಂಡೆಗಳು ಬಿದ್ದಿರುತ್ತವೆ. ಅದು ಹಿಕ್ಕೆಯಲ್ಲ, ನುಂಗಿದ ಬೇಟೆಯಲ್ಲಿ ಅರಗದೆ ಉಳಿದದ್ದನ್ನು ಬಾಯಿಂದ ಕಕ್ಕಿದ್ದು. ಬಿಡಿಸಿ ನೋಡಿ, ಇಲಿಯ ತಲೆಬುರುಡೆ ಇಡಿಯಾಗಿ ಸಿಕ್ಕಿದರೂ ಸಿಕ್ಕೀತು.

ಇಷ್ಟೆಲ್ಲ ಪತ್ತೇದಾರಿ ಯಾಕೆಂದರೆ, ಮಾಡಿನ ವಿಷಯದಲ್ಲಿ ನಾವು ಎರಡು ಬೇರೆಬೇರೆ ಸಂಗತಿಗಳನ್ನು ಒಂದೇ ಹೆಸರಿನಿಂದ ಕರೆದು ಒಂದೇ ಮದ್ದು ಹುಡುಕುತ್ತೇವೆ. ಮಾಡಿನ ಮೇಲೆ ಹಾದುಹೋಗುವುದು ಒಂದು, ಮಾಡಿನೊಳಗೆ ಬಿಡಾರ ಹೂಡುವುದು ಇನ್ನೊಂದು. ಮೊದಲನೆಯದನ್ನು ಪೂರ್ತಿ ತಡೆಯಲು ಆಗುವುದಿಲ್ಲ, ತಡೆಯಲೇಬೇಕಾದ ಕಾರಣವೂ ಹೆಚ್ಚಿನ ಮನೆಗಳಲ್ಲಿ ಇಲ್ಲ. ಎರಡನೆಯದನ್ನು ತಡೆಯಬೇಕು, ತಡೆಯಲು ಆಗುತ್ತದೆ ಕೂಡ. ಜನ ಹಣ, ನಿದ್ದೆ ಎರಡನ್ನೂ ಕಳೆದುಕೊಳ್ಳುವುದು ಮೊದಲನೆಯದರ ಮೇಲೆ.

ಅಷ್ಟಕ್ಕೂ ಅವು ಮಾಡಿಗೆ ಯಾಕೆ ಬರುತ್ತವೆ? ಪ್ರಪಂಚದ ಬೇರೆಬೇರೆ ಮೂಲೆಗಳ ಮಾಡುಗಳನ್ನು ನೋಡಿದರೆ ಉತ್ತರ ತಾನಾಗಿ ಹೊಳೆಯುತ್ತದೆ. ಏಷ್ಯಾದ ಈ ಭಾಗದಲ್ಲಿ ಕಬ್ಬೆಕ್ಕು. ಯೂರೋಪಿನಲ್ಲಿ ಸ್ಟೋನ್ ಮಾರ್ಟಿನ್ ಎಂಬ ಮುಂಗುಸಿಯಾಕಾರದ ಪ್ರಾಣಿ, ಅಟ್ಟದಲ್ಲಿ ಮಲಗುವುದಲ್ಲದೆ ಕಾರಿನ ಬಾನೆಟ್ಟಿನೊಳಗೆ ನುಸುಳಿ ರಬ್ಬರ್ ಪೈಪು ಕಡಿಯುವ ಖ್ಯಾತಿಯೂ ಅದಕ್ಕಿದೆ. ಉತ್ತರ ಅಮೆರಿಕದಲ್ಲಿ ರಕೂನ್ ಎಂಬ, ಕಣ್ಣಿನ ಸುತ್ತ ಕಪ್ಪು ಪಟ್ಟಿಯ ಪ್ರಾಣಿ. 1934ರಲ್ಲಿ ಜರ್ಮನಿಯ ಎಡರ್ ಸರೋವರದ ಬಳಿ ಎರಡು ಜೋಡಿ ರಕೂನ್‌ಗಳನ್ನು ಕಾಡಿಗೆ ಬಿಟ್ಟರು, ಇಂದು ಅಲ್ಲಿಗೆ ಹತ್ತಿರದ ಕಾಸೆಲ್ ನಗರದ ಮನೆಗಳ ಅಟ್ಟಗಳೆಲ್ಲ ಅವುಗಳ ವಂಶದವರ ಹುಡುಕಾಟದ ಜಾಗ. ಆಸ್ಟ್ರೇಲಿಯಾದ ಮಾಡುಗಳಲ್ಲಿ ಪಾಸಮ್. ಇದನ್ನು ತುಪ್ಪಳಕ್ಕೆಂದು 1837ರಿಂದ ನ್ಯೂಜಿಲೆಂಡಿಗೆ ಒಯ್ದರು. ಹೀಗಾಗಿ ಒಂದೇ ಪ್ರಾಣಿ ಸಮುದ್ರದ ಈಚೆ ದಡದಲ್ಲಿ ಕಾನೂನಿನ ರಕ್ಷಣೆಯಿರುವ ಜೀವ, ಆಚೆ ದಡದಲ್ಲಿ ಸರ್ಕಾರವೇ ನಿರ್ಮೂಲ ಮಾಡಲು ಹೊರಟ ಪೀಡೆ.

ಇವು ಒಂದೇ ಕುಟುಂಬದವಲ್ಲ. ಪಾಸಮ್ ಹೊಟ್ಟೆಚೀಲದ ಪ್ರಾಣಿ, ಕಬ್ಬೆಕ್ಕಿಗೂ ರಕೂನ್‌ಗೂ ದೂರದ ನೆಂಟಸ್ತಿಕೆ, ಗೂಬೆಯಂತೂ ಹಕ್ಕಿ. ಆದರೂ ಎಲ್ಲಕ್ಕೂ ಹಗಲು ಮಲಗಲು, ಮರಿ ಹಾಕಲು ಬೇಕಾದದ್ದು ಒಂದೇ: ಮರದ ಪೊಟರೆ, ಇಲ್ಲವೆ ಬಂಡೆಯ ಸಂದು. ದೊಡ್ಡ ಪ್ರಾಣಿ ಹಿಡಿಸುವಂಥ ಪೊಟರೆ ಎಳೆಯ ಮರದಲ್ಲಿ ಇರುವುದಿಲ್ಲ. ಕೊಂಬೆ ಮುರಿದು, ಶಿಲೀಂಧ್ರ ಹತ್ತಿ, ತಿರುಳು ಕೊಳೆತು ಗೂಡಾಗಲು ಹಲವು ದಶಕ ಬೇಕು, ನೀಲಗಿರಿಯಂಥ ಕೆಲವು ಮರಗಳಲ್ಲಿ ನೂರು ವರ್ಷಕ್ಕೂ ಹೆಚ್ಚು. ನಾವು ಕಡಿದದ್ದಕ್ಕೆ ಬದಲಾಗಿ ಸಸಿ ನೆಟ್ಟರೂ ಪೊಟರೆ ನೆಡಲು ಆಗುವುದಿಲ್ಲ. ಅದೇ ಹೊತ್ತಿಗೆ ನಾವು ಕಟ್ಟುತ್ತಿರುವುದೇನು? ಒಣಗಿದ, ಕತ್ತಲೆಯ, ಬೆಚ್ಚನೆಯ, ನಾಯಿ ತಲುಪದ ಎತ್ತರದ ಟೊಳ್ಳು. ಪ್ರಾಣಿಯ ಕಡೆಯಿಂದ ನೋಡಿದರೆ ಇದು ಅತಿಕ್ರಮಣವೇ ಅಲ್ಲ.

ಆದರೆ ಬಾಡಿಗೆದಾರರನ್ನು ಇರಲಿ ಬಿಡು ಎನ್ನುವುದಕ್ಕೂ ಮಿತಿಯುಂಟು. ಮಾಡಿನೊಳಗೆ ಉಚ್ಚೆ ಹೊಯ್ದರೆ ಸೀಲಿಂಗು ಕಲೆಯಾಗಿ ಕುಸಿಯುತ್ತದೆ. ಇಲಿಯ ಬಾಚಿಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುವುದರಿಂದ ಅದು ಕಡಿಯುವುದನ್ನು ನಿಲ್ಲಿಸುವ ಹಾಗಿಲ್ಲ. ವಯರಿನ ಹೊದಿಕೆ ಹೋಗಿ ಬರಿತಂತಿ ಕಂಡರೆ ಬೆಂಕಿಗೆ ದಾರಿ. ಇಲಿಯ ಉಚ್ಚೆಯಿಂದ ಲೆಪ್ಟೊಸ್ಪೈರೋಸಿಸ್, ಬಾವಲಿ ಹಿಕ್ಕೆ ಕೊಳೆತ ಧೂಳಿನಿಂದ ಹಿಸ್ಟೊಪ್ಲಾಸ್ಮೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದು. ಯಾವ ಕಾಡುಪ್ರಾಣಿ ಕಚ್ಚಿದರೂ ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು. ಮಲಗಿದ ಕೋಣೆಯಲ್ಲಿ ಬೆಳಗ್ಗೆ ಬಾವಲಿ ಸಿಕ್ಕಿದರೆ, ಕಚ್ಚಿದ ಗುರುತು ಕಾಣದಿದ್ದರೂ ವೈದ್ಯರಿಗೆ ಹೇಳಿ. ಅದರ ಹಲ್ಲು ಅಷ್ಟು ಸಣ್ಣದು.

ಇನ್ನು ಓಡಿಸುವ ಉಪಾಯಗಳು. ಈ ಅಧ್ಯಾಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಇದರಲ್ಲಿ ಕೆಲಸ ಮಾಡುವುದು ಕಡಿಮೆ. ಪ್ಲಗ್ಗಿಗೆ ಸಿಕ್ಕಿಸುವ ಅಲ್ಟ್ರಾಸಾನಿಕ್ ಡಬ್ಬಿಗಳ ಸದ್ದು ಗೋಡೆ, ಹಲಗೆ ದಾಟುವುದಿಲ್ಲ. ಎದುರಿಗಿದ್ದ ಪ್ರಾಣಿಯೂ ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ. 2001ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥವನ್ನು ತಯಾರಿಸುವ, ಮಾರುವ ಅರವತ್ತಕ್ಕೂ ಹೆಚ್ಚು ಕಂಪನಿಗಳಿಗೆ, ನೀವು ಹೇಳಿಕೊಳ್ಳುವುದಕ್ಕೆ ವೈಜ್ಞಾನಿಕ ಆಧಾರ ಇರಬೇಕು ಎಂದು ಎಚ್ಚರಿಕೆಯ ಪತ್ರ ಬರೆದಿತ್ತು. ಡಬ್ಬಿಗಳು ಇಂದಿಗೂ ಮಾರಾಟವಾಗುತ್ತಿವೆ. ಮಿನುಗುವ ದೀಪ, ರಾತ್ರಿಯಿಡೀ ಹಾಡುವ ರೇಡಿಯೊ ಇವೂ ಅದೇ ಜಾತಿ. ಮೊದಲ ವಾರ ಗೆದ್ದಂತೆ ಅನ್ನಿಸಿ, ಆಮೇಲೆ ಪ್ರಾಣಿಯ ಬದಲು ನೆರೆಮನೆಯವರು ಓಡುತ್ತಾರೆ. ನುಸಿಗುಳಿಗೆಯ ನ್ಯಾಫ್ತಲೀನ್ ಹೊಗೆ ಇಲಿಗಿಂತ ಮೊದಲು ಕೆಳಗೆ ಮಲಗಿದ ಮಗುವಿನ ಮೂಗು ತಲುಪೀತು. ಮೆಣಸಿನ ಖಾರ ಸಸ್ತನಿಗಳಿಗೆ ತಾಗುವುದು ನಿಜ, ಹಕ್ಕಿಗಳಿಗೆ ಅದು ಖಾರವೇ ಅಲ್ಲ. ಆದರೆ ಮಾಡಿನ ಮೇಲೆ ಹಚ್ಚಿದ್ದು ಒಂದು ಮಳೆಗೆ ತೊಳೆದುಹೋಗುತ್ತದೆ.

ವಿಷದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ವಾರ್ಫರಿನ್ ಮತ್ತು ಅದರ ಮುಂದಿನ ತಲೆಮಾರಿನ ಇಲಿಪಾಷಾಣಗಳು ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೊಲ್ಲುತ್ತವೆ. ತಿಂದ ಕೂಡಲೇ ಅಲ್ಲ, ಕೆಲವು ದಿನಗಳ ಮೇಲೆ. ಆ ಹೊತ್ತಿಗೆ ಇಲಿ ಎಲ್ಲಿರುತ್ತದೆ? ತನ್ನ ಗೂಡಿನಲ್ಲಿ, ಅಂದರೆ ನಿಮ್ಮ ಸೀಲಿಂಗಿನ ಕೈಗೆಟುಕದ ಮೂಲೆಯಲ್ಲಿ. ಸತ್ತ ಮೇಲೆ ವಾಸನೆಗೆ ಮನೆ ಬಿಡಬೇಕು. ಸಾಯುವ ಮುಂಚೆ ತಡವರಿಸುತ್ತ ಹೊರಗೆ ಬಂದರೆ ಗೂಬೆ ಅದನ್ನು ಹಿಡಿಯುತ್ತದೆ. ಬ್ರೊಡಿಫಾಕಮ್‌ನಂಥ ವಿಷ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ಇಲಿಯನ್ನು ತಿಂದವರ ಮೈಗೂ ಸೇರುತ್ತದೆ. ಬಿಟ್ಟಿಯಾಗಿ ಇಲಿ ಹಿಡಿಯುತ್ತಿದ್ದ ಒಂದೇ ಒಂದು ಜೀವವನ್ನು ಹೀಗೆ ಕಳೆದುಕೊಂಡ ಮೇಲೆ ಅಂಗಡಿಗೆ ಮತ್ತೆ ಮತ್ತೆ ಹೋಗುತ್ತಿರಬೇಕು.

ಬೋನಿನಲ್ಲಿ ಹಿಡಿದು ದೂರದ ಕಾಡಿಗೆ ಬಿಡುವುದು ಪುಣ್ಯದ ಕೆಲಸ ಎಂದೇ ಹೆಚ್ಚಿನವರ ನಂಬಿಕೆ. ನನಗೆ ಇದರಲ್ಲಿ ಪುಣ್ಯ ಕಾಣಿಸುವುದಿಲ್ಲ. ಪ್ರತಿ ಪ್ರಾಣಿಗೂ ತನ್ನ ಸೀಮೆ ಗೊತ್ತು: ಯಾವ ಮರ ಯಾವಾಗ ಹಣ್ಣು ಬಿಡುತ್ತದೆ, ನಾಯಿ ಬಂದರೆ ಎಲ್ಲಿ ನುಗ್ಗಬೇಕು, ನೀರು ಎಲ್ಲಿ. ಗೊತ್ತಿಲ್ಲದ ಕಾಡಿನಲ್ಲಿ, ಆಗಲೇ ಇನ್ನೊಂದರ ಒಡೆತನದಲ್ಲಿರುವ ಜಾಗದಲ್ಲಿ ಇಳಿಸಿದರೆ ಅದು ಹಸಿವಿಗೋ ಕಚ್ಚಾಟಕ್ಕೋ ಬಲಿಯಾಗುವ ಸಂಭವವೇ ಹೆಚ್ಚು. ಬೋನಿಗೆ ಬಿದ್ದದ್ದು ತಾಯಿಯಾಗಿದ್ದರೆ ಮರಿಗಳು ಮಾಡಿನೊಳಗೇ ಸಾಯುತ್ತವೆ. ಇತ್ತ ಖಾಲಿಯಾದ ಗೂಡಿಗೆ ಕೆಲವು ದಿನಗಳಲ್ಲೇ ಇನ್ನೊಂದು ಬರುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಹಿಡಿದ ಪಾಸಮ್ಮನ್ನು ಸಿಕ್ಕ ಜಾಗದಿಂದ 150 ಮೀಟರ್ ಒಳಗೇ ಬಿಡಬೇಕೆಂಬ ನಿಯಮ ಇರುವುದು ಸುಮ್ಮನೆ ಅಲ್ಲ. ಹಲವು ದೇಶಗಳಲ್ಲಿ ಅನುಮತಿಯಿಲ್ಲದೆ ಹಿಡಿಯುವುದೇ ಅಪರಾಧ.

ಹಾಗಾದರೆ ಉಳಿದದ್ದೇನು? ಬೇಸರ ತರಿಸುವಷ್ಟು ಸರಳವಾದದ್ದು: ದಾರಿ ದೂರ ಮಾಡುವುದು, ಕಿಂಡಿ ಮುಚ್ಚುವುದು.

ದಾರಿ ಎಂದರೆ ಮೊದಲು ಮರ. ಮಾಡಿನ ಮೇಲೆ ಚಾಚಿದ ಕೊಂಬೆಯನ್ನು ಎರಡೂವರೆ ಮೂರು ಮೀಟರ್ ಹಿಂದಕ್ಕೆ ಸವರಿದರೆ ಹೆಚ್ಚಿನ ಪ್ರಾಣಿಗಳ ಜಿಗಿತಕ್ಕೆ ಎಟುಕುವುದಿಲ್ಲ. ಮರ ಕಡಿಯಬೇಕಾಗಿಲ್ಲ. ಒಂಟಿ ಮರವಾದರೆ ಕಾಂಡದ ಸುತ್ತ ಅರವತ್ತು ಸೆಂಟಿಮೀಟರ್ ಅಗಲದ ನುಣುಪು ತಗಡಿನ ಪಟ್ಟಿ ಸುತ್ತಬಹುದು, ಉಗುರಿಗೆ ಹಿಡಿತ ಸಿಗುವುದಿಲ್ಲ. ಮೊಳೆ ಹೊಡೆಯದೆ ಸ್ಪ್ರಿಂಗಿನಿಂದ ಬಿಗಿದರೆ ಕಾಂಡ ದಪ್ಪವಾದ ಹಾಗೆ ಪಟ್ಟಿಯೂ ಸಡಿಲಗೊಳ್ಳುತ್ತದೆ. ಪಕ್ಕದ ಮರದಿಂದ ಹಾರಿ ಬರುವ ಹಾಗಿದ್ದರೆ ಈ ಪಟ್ಟಿ ಬರೀ ಅಲಂಕಾರ. ಮಳೆನೀರಿನ ಪೈಪು, ಗೋಡೆಗೆ ಹಬ್ಬಿಸಿದ ಬಳ್ಳಿ ಇವೂ ಏಣಿಯೇ. ಕರೆಂಟಿನ ತಂತಿಯ ಮೇಲೆ ಬರುತ್ತಿದ್ದರೆ ಅದಕ್ಕೆ ಕೈ ಹಾಕಬೇಡಿ, ಅದು ಲೈನ್‌ಮನ್ ಕೆಲಸ.

ಇಷ್ಟಾದರೂ ಯಾವುದಾದರೊಂದು ಹತ್ತಿಯೇ ಹತ್ತುತ್ತದೆ. ಹತ್ತಲಿ. ನನ್ನ ಕೋಣೆಯ ಮೇಲಿನ ತಗಡಿಗೆ ಸಡಿಲವಾದ ಕಡೆ ರಬ್ಬರ್ ವಾಷರ್ ಕೊಟ್ಟು ಸ್ಕ್ರೂ ಬಿಗಿಸಿದ ಮೇಲೆ ಹಾದುಹೋಗುವವರ ಹೆಜ್ಜೆ ಎಷ್ಟೋ ಹಗುರವಾಗಿದೆ. ಓಡಾಡುವವರು ಅವರೇ, ಸದ್ದು ಮಾಡುತ್ತಿದ್ದದ್ದು ತಗಡು.

ನಿಜವಾದ ಕೆಲಸ ಇರುವುದು ಕಿಂಡಿಯಲ್ಲಿ. ಇಲಿಗೆ 12 ಮಿಲಿಮೀಟರ್ ಸಂದಿದ್ದರೆ ಸಾಕು, ಸುಂಡಿಲಿಗೆ ಪೆನ್ಸಿಲ್ ತೂರುವಷ್ಟು, ಅಂದರೆ 6 ಮಿಲಿಮೀಟರ್. ತಲೆ ತೂರಿದರೆ ಮೈ ತೂರಿತೆಂದೇ ಲೆಕ್ಕ. ಸ್ಟೋನ್ ಮಾರ್ಟಿನ್‌ಗೆ ಐದಾರು ಸೆಂಟಿಮೀಟರ್, ರಕೂನ್‌ಗೆ ಒಂದು ಗೇಣಿಗಿಂತ ಕಡಿಮೆ. ಹುಡುಕಬೇಕಾದ ಜಾಗಗಳೂ ಗೊತ್ತಿದ್ದವೇ: ಸೂರಿನಂಚಿನಲ್ಲಿ ಜಂತೆ ಹೊರಗೆ ಚಾಚುವ ಸಂದು, ಎರಡು ಇಳಿಜಾರು ಕೂಡುವ ಮೂಲೆ, ಜಾರಿದ ಹೆಂಚು, ಪೈಪು ಗೋಡೆ ತೂರುವ ತೂತು, ಎ.ಸಿ.ಯವರು ಕೊರೆದು ಮುಚ್ಚದೆ ಹೋದ ರಂಧ್ರ. ಹಗಲಲ್ಲಿ ಅಟ್ಟದೊಳಗೆ ಕೂತು ದೀಪ ಆರಿಸಿದರೆ ಬೆಳಕು ತಾನೇ ಕಿಂಡಿಗಳನ್ನು ತೋರಿಸಿಕೊಡುತ್ತದೆ. ಇಲಿ ದಿನವೂ ನುಸುಳುವ ಕಿಂಡಿಯ ಅಂಚು ಅದರ ಮೈಜಿಡ್ಡು ಮೆತ್ತಿ ಕಪ್ಪಾಗಿರುತ್ತದೆ. ಆ ಕಪ್ಪು ಇನ್ನೂ ಮೆತ್ತಗಿದ್ದು ಕೈಗವಸಿಗೆ ಅಂಟಿದರೆ ದಾರಿ ಚಾಲ್ತಿಯಲ್ಲಿದೆ, ಒಣಗಿ ಜೇಡ ಬಲೆ ಹಾಕಿದ್ದರೆ ಯಾವಾಗಲೋ ಬಿಟ್ಟುಹೋದ ದಾರಿ. ಇನ್ನೂ ಅನುಮಾನವಿದ್ದರೆ ಹಳೆಯ ಪೇಪರನ್ನು ಉಂಡೆ ಮಾಡಿ ಸಡಿಲವಾಗಿ ತುರುಕಿಡಿ. ಒಳಗಿದ್ದವರು ಒಂದೆರಡು ರಾತ್ರಿಯಲ್ಲಿ ಅದನ್ನು ಹೊರಗೆ ತಳ್ಳಿರುತ್ತಾರೆ.

ಮುಚ್ಚುವುದಕ್ಕೆ ಪ್ಲಾಸ್ಟಿಕ್ ಬಲೆ, ಥರ್ಮೋಕೋಲು, ಸ್ಪ್ರೇ ಫೋಮು ಪ್ರಯೋಜನವಿಲ್ಲ, ಇಲಿಗೆ ಅದು ಹಲ್ಲುಜ್ಜಿದಷ್ಟೇ ಕೆಲಸ. ಕಾಲಂಗುಲದ ಕಣ್ಣಿನ ಜಿಂಕ್ ಲೇಪದ ವೆಲ್ಡ್ ಜಾಲರಿ, ತಗಡು, ಸಿಮೆಂಟು ಗಾರೆ ಇವು ನಿಲ್ಲುತ್ತವೆ. ಆದರೆ ಗಾಳಿಯಾಡಲೆಂದೇ ಬಿಟ್ಟ ಕಿಂಡಿಗೆ ಜಾಲರಿಯೇ ಆಗಬೇಕು, ಗಾರೆ ಮೆತ್ತಬಾರದು. ಮಾಡಿನೊಳಗೆ ಉಸಿರು ಕಟ್ಟಿದರೆ ತೇವ ಕೂತು ಮರಮಟ್ಟು ಕೊಳೆಯುತ್ತದೆ.

ಇಲ್ಲಿಯೇ ಅವಸರದ ಅಪಾಯ ಇರುವುದು. ನಮ್ಮ ಮಾಡಿನ ಕೆಲಸಕ್ಕೆ ಬಂದ ಮೇಸ್ತ್ರಿ ಕಿಂಡಿಗಳನ್ನೆಲ್ಲ ನೋಡಿ, "ಬಿಡಿ ಸಾರ್, ಮಧ್ಯಾಹ್ನದೊಳಗೆ ಎಲ್ಲಾ ಮುಚ್ಬಿಡ್ತೀನಿ" ಎಂದರು.

"ಒಳಗೆ ಮಲಗಿದ್ರೆ?" ಎಂದೆ.

"ಮಲಗಿದ್ರೆ ಅಲ್ಲೇ ಇರ್ಲಿ, ಇನ್ನೆಲ್ಲಿಗೆ ಹೋಗ್ತದೆ?"

ಅವರು ತಮಾಷೆಗೆ ಹೇಳಿದ್ದು, ಆದರೆ ಆಗುವುದು ಹಾಗೆಯೇ. ರಾತ್ರಿ ತಿರುಗುವ ಪ್ರಾಣಿ ಮಧ್ಯಾಹ್ನ ಒಳಗೆ ನಿದ್ದೆಯಲ್ಲಿರುತ್ತದೆ. ಆಗ ಕಿಂಡಿ ಮುಚ್ಚುವುದೆಂದರೆ ಅದನ್ನು ಒಳಗೆ ಹೂಳುವುದು. ದೊಡ್ಡ ಪ್ರಾಣಿಯಾದರೆ ಸೀಲಿಂಗು ಹರಿದು ಮನೆಯೊಳಗೇ ಬೀಳುತ್ತದೆ. ಆದ್ದರಿಂದ ಕ್ರಮ ಹೀಗೆ: ಮುಖ್ಯ ಕಿಂಡಿ ಒಂದನ್ನು ಬಿಟ್ಟು ಉಳಿದವನ್ನೆಲ್ಲ ಹಗಲಲ್ಲಿ ಮುಚ್ಚಬೇಕು. ಆ ಒಂದಕ್ಕೆ ಹೊರಕ್ಕೆ ಮಾತ್ರ ತೆರೆಯುವ ಬಾಗಿಲು ತೂಗುಬಿಡಬೇಕು, ತಳ್ಳಿದರೆ ತೆರೆಯುವ, ಹೊರಗಿನಿಂದ ಎಳೆಯಲಾಗದ ತಗಡಿನ ತುಂಡಾದರೂ ಸರಿ. ಮೂರು ನಾಲ್ಕು ರಾತ್ರಿ ಒಳಗೆ ಸದ್ದಿಲ್ಲ, ಒಳಗಡೆ ಉದುರಿಸಿದ ಹಿಟ್ಟಿನ ಮೇಲೆ ಹೆಜ್ಜೆಗುರುತಿಲ್ಲ ಎಂದು ಖಾತ್ರಿಯಾದ ಮೇಲೆ ಅದನ್ನೂ ಮುಚ್ಚಬಹುದು.

ಇದೂ ಒಳಗೆ ಮರಿ ಇಲ್ಲದಿದ್ದಾಗ ಮಾತ್ರ. ಮಾಡಿನೊಳಗೆ ಸೇರುವ ದೊಡ್ಡ ಪ್ರಾಣಿಗಳಲ್ಲಿ ಬಹುಪಾಲು ಬರುವುದೇ ಬಾಣಂತನಕ್ಕೆ. ತಾಯಿಯನ್ನು ಹೊರಗಿಟ್ಟರೆ ಅವಳು ಹೆಂಚು ಕಿತ್ತಾದರೂ ಒಳಗೆ ನುಗ್ಗಲು ನೋಡುತ್ತಾಳೆ. ನುಗ್ಗಲಾಗದಿದ್ದರೆ ಮರಿಗಳು ಸಾಯುತ್ತವೆ. ಒಳಗಿಂದ ಸಣ್ಣ ದನಿಯ ಕೂಗು ಕೇಳಿಸುತ್ತಿದ್ದರೆ ಕೆಲವು ವಾರ ಸಹಿಸಿಕೊಳ್ಳಿ. ಮರಿಗಳು ತಾಯಿಯ ಬೆನ್ನು ಹತ್ತಿ ಹೊರಗೆ ಬರತೊಡಗಿದ ಮೇಲೆ ಬಾಗಿಲ ಕೆಲಸ. ಸಂಯಮವೇ ಇದರಲ್ಲಿ ದುಬಾರಿಯಾದದ್ದು, ಜಾಲರಿ ಅಲ್ಲ.

ಬಾವಲಿಯದು ಬೇರೆಯೇ ಲೆಕ್ಕ. ಅದು ಏನನ್ನೂ ಕಡಿಯುವುದಿಲ್ಲ, ಗೂಡು ಕಟ್ಟುವುದಿಲ್ಲ, ಇರುವ ಸಂದಿನಲ್ಲೇ ಜೋತಾಡುತ್ತದೆ. ಹೆಚ್ಚಿನ ಜಾತಿಗಳು ವರ್ಷಕ್ಕೆ ಒಂದೇ ಮರಿ ಹಾಕುವುದರಿಂದ ಒಂದು ಗುಂಪು ಸತ್ತರೆ ಅದು ಮತ್ತೆ ತುಂಬಲು ವರ್ಷಗಳು ಬೇಕು. ಬ್ರಾಂಟ್ಸ್ ಬಾವಲಿ ಎಂಬ ಏಳೆಂಟು ಗ್ರಾಮಿನ ಜೀವವೊಂದು 41 ವರ್ಷ ಬದುಕಿದ್ದು ಸೈಬೀರಿಯಾದಲ್ಲಿ ದಾಖಲಾಗಿದೆ. ಬ್ರಿಟನ್ನಿನಲ್ಲಿ 1981ರ ವನ್ಯಜೀವಿ ಕಾಯ್ದೆಯಿಂದಾಗಿ ಅವು ತಂಗುವ ಜಾಗಕ್ಕೇ ರಕ್ಷಣೆ ಸಿಕ್ಕಿತು, ಬಾವಲಿ ಒಳಗಿಲ್ಲದ ಕಾಲದಲ್ಲೂ ಅದನ್ನು ಕೆಡಿಸುವಂತಿಲ್ಲ. ಸೂರಿನಂಚಿನಲ್ಲಿ ಹತ್ತಿಪ್ಪತ್ತು ಸಣ್ಣ ಬಾವಲಿಗಳಿದ್ದು, ಒಳಕೋಣೆಗೆ ದಾರಿಯಿಲ್ಲದಿದ್ದರೆ ನಾನು ಬಿಟ್ಟುಬಿಡಿ ಎನ್ನುತ್ತೇನೆ. ಕೆಳಗೊಂದು ಹಲಗೆ ಹೊಡೆದರೆ ಹಿಕ್ಕೆ ಅದರ ಮೇಲೆ ಬೀಳುತ್ತದೆ. ತೆಗೆಯಲೇಬೇಕಾದರೆ ಮರಿಗಳು ಹಾರುವ ಕಾಲ ಕಾದು, ಸಂದಿನ ಮೇಲ್ಭಾಗಕ್ಕೆ ಸಣ್ಣ ಕಣ್ಣಿನ ಬಲೆ ಸಿಕ್ಕಿಸಿ ಕೆಳಭಾಗ ತೆರೆದು ಇಳಿಬಿಡಬೇಕು. ಅವು ತೆವಳಿ ಕೆಳಗಿನಿಂದ ಹೊರಬರುತ್ತವೆ. ಮರಳಿ ಬಂದು ನೇರ ಸಂದಿಗೇ ಎರಗಿದಾಗ ಬಲೆ ಅಡ್ಡ ಬರುತ್ತದೆ. ಒಂದು ವಾರ ಹಾಗೇ ಬಿಟ್ಟು ಆಮೇಲೆ ಸಂದು ಮುಚ್ಚಿ.

ಖಾಲಿಯಾದ ಅಟ್ಟವನ್ನು ಒಣ ಪೊರಕೆಯಿಂದ ಗುಡಿಸಬೇಡಿ. ಬರೇ ಬಟ್ಟೆ ಸುತ್ತಿಕೊಂಡರೆ ಸಾಲದು, ಎನ್-95 ಮುಖಗವಸು, ಕೈಗವಸು ಬೇಕು. ಕ್ರಿಮಿನಾಶಕದ ನೀರು ಚಿಮುಕಿಸಿ ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಒದ್ದೆಯಾಗಿಯೇ ಬಳಿದು ತೆಗೆಯಬೇಕು. ವಾಸನೆ ಉಳಿದರೆ ಮುಂದಿನವರಿಗೆ ಇಲ್ಲಿ ಜಾಗವಿದೆ ಎಂದು ಬೋರ್ಡು ಹಾಕಿದ ಹಾಗೆ. ವಯರುಗಳನ್ನು ಎಲೆಕ್ಟ್ರಿಷಿಯನ್ ಒಮ್ಮೆ ನೋಡಲಿ. ರಾತ್ರಿ ಅಂಗಳದಲ್ಲಿ ನಾಯಿ ಬೆಕ್ಕುಗಳಿಗೆ ಇಟ್ಟ ತಟ್ಟೆ, ಮುಚ್ಚಳವಿಲ್ಲದ ಕಸದ ಡಬ್ಬಿ, ಬಿದ್ದು ಕೊಳೆಯುವ ಹಣ್ಣು ಇವನ್ನು ತೆಗೆಯದೆ ಮೇಲೆ ಮಾತ್ರ ಜಾಲರಿ ಹೊಡೆದರೆ ಮೇಸ್ತ್ರಿಗೆ ವರ್ಷವರ್ಷವೂ ಕೆಲಸ.

ಜಾಲರಿ ಹೊಡೆದದ್ದೂ ಶಾಶ್ವತವಲ್ಲ. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಿ ಮೊಳೆ ಸಡಿಲವಾಗುತ್ತದೆ, ಗಾಳಿಗೆ ಹೆಂಚು ಒಂದು ಬೆರಳು ಜಾರುತ್ತದೆ. ದೊಡ್ಡ ಗಾಳಿಮಳೆ ಕಳೆದ ಮೇಲೊಮ್ಮೆ, ಮರಿ ಹಾಕುವ ಕಾಲಕ್ಕೆ ಮೊದಲೊಮ್ಮೆ ಸುತ್ತ ನೋಡಿಕೊಂಡು ಬನ್ನಿ. ಟಾರ್ಚು, ಪಕ್ಕಡ, ಒಂದು ತುಂಡು ಜಾಲರಿ ಜೇಬಿನಲ್ಲಿರಲಿ. ಹೆಂಚಿನ ಮೇಲೆ ಕಾಲಿಡುವುದಾದರೆ ಕೆಳಗೆ ರೀಪು ಇರುವ ಕಡೆ ಇಡಿ, ಏಣಿ ಹಿಡಿದುಕೊಳ್ಳಲು ಒಬ್ಬರು ನಿಂತಿರಲಿ.